ನಿಮಗಿದು ಗೊತ್ತೇ? ಪುಣೆಯಲ್ಲಿ ಕಟ್ಟಡದ ಗಾತ್ರ ಹೇಳುವುದು ಎದುರಿನ ರಸ್ತೆ

ಪುಣೆಯಲ್ಲಿ ಒಂದು ಕಟ್ಟಡ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಅದರ ಮುಂದಿನ ರಸ್ತೆಯ ಅಗಲ ತೀರ್ಮಾನಿಸುತ್ತದೆ. ರಸ್ತೆ 9 ಮೀಟರಿಗಿಂತ ಕಿರಿದಾಗಿದ್ದರೆ ಸಿಗುವುದು ಮೂಲ ಎಫ್‌ಎಸ್‌ಐ 1.10 ಮಾತ್ರ. 1,000 ಚದರ ಮೀಟರ್ ನಿವೇಶನವಿದ್ದರೆ ಎಲ್ಲ ಅಂತಸ್ತು ಸೇರಿ 1,100 ಚದರ ಮೀಟರ್ ಕಟ್ಟಬಹುದು, ಅಷ್ಟೇ. ಅದೇ ನಿವೇಶನ 9 ಮೀಟರ್ ರಸ್ತೆಗಿದ್ದರೆ 2.00, 12 ಮೀಟರಿಗೆ 2.25, 15 ಮೀಟರಿಗೆ 2.50, 24 ಮೀಟರಿಗೆ 2.75, 30 ಮೀಟರ್ ಅಥವಾ ಹೆಚ್ಚಿದ್ದರೆ 3.00. ಬೆಂಗಳೂರಿನವರು ಎಫ್‌ಎಆರ್ ಎನ್ನುವ ಲೆಕ್ಕವೇ ಮಹಾರಾಷ್ಟ್ರದಲ್ಲಿ ಎಫ್‌ಎಸ್‌ಐ.

ಆ 3.00 ಕೂಡ ಕೊನೆಯ ಅಂಕಿಯಲ್ಲ, ಗೊತ್ತೇ? ಬಾಲ್ಕನಿ, ಮೆಟ್ಟಿಲು, ಓಡಾಡುವ ಪಡಸಾಲೆ ಮುಂತಾದವುಗಳಿಗೆಂದು ವಸತಿ ಕಟ್ಟಡಕ್ಕೆ ಇನ್ನೂ ಶೇ 60, ವಾಣಿಜ್ಯ ಕಟ್ಟಡಕ್ಕೆ ಶೇ 80 ಹೆಚ್ಚುವರಿ ಎಫ್‌ಎಸ್‌ಐ ಹಣ ಕಟ್ಟಿ ಪಡೆಯಬಹುದು. 3,000 ಚದರ ಮೀಟರಿನ ವಸತಿ ಕಟ್ಟಡ ಹೀಗೆ 4,800 ಆಗುತ್ತದೆ. ಹಿಂದೆ ಇವುಗಳಲ್ಲಿ ಹಲವು ಲೆಕ್ಕಕ್ಕೇ ಬರುತ್ತಿರಲಿಲ್ಲ, ಹಾಗಾಗಿ ಇದೆಲ್ಲವೂ ಹೊಸದಾಗಿ ಸೇರಿದ ಕಟ್ಟಡವಲ್ಲ. ಆದರೆ ಪತ್ರಿಕೆಯಲ್ಲಿ ‘ಮೂರು’ ಎಂದು ಓದಿದವರು ಎದುರಿಗೆ ಎದ್ದು ನಿಂತ ಕಟ್ಟಡ ನೋಡಿ ಗಲಿಬಿಲಿಗೊಳ್ಳುವುದು ಇದರಿಂದಲೇ.

ಈ ನಿಯಮಗಳ ಗ್ರಂಥಕ್ಕೆ ಯುಡಿಸಿಪಿಆರ್ ಎಂಬ ಹೆಸರು. 2020ರ ಡಿಸೆಂಬರಿನಲ್ಲಿ ಜಾರಿಗೆ ಬಂತು. ಮುಂಬೈ, ಲೋಣಾವಳಾದಂಥ ಕೆಲವು ಕಡೆ ಬಿಟ್ಟರೆ ಇಡೀ ಮಹಾರಾಷ್ಟ್ರಕ್ಕೆ ಇದೇ ಗ್ರಂಥ. ಸೊಲ್ಲಾಪುರ, ಅಕ್ಕಲಕೋಟೆ, ಜತ್, ಗಡಹಿಂಗ್ಲಜದ ಕನ್ನಡಿಗರು ಮನೆ ಕಟ್ಟುವುದೂ ಇದರಡಿಯಲ್ಲೇ. ಅಂಕಿಗಳು ಮಾತ್ರ ಊರಿನ ದರ್ಜೆಗೆ ತಕ್ಕಂತೆ ಬದಲಾಗುತ್ತವೆ.

ರಸ್ತೆಯ ಅಗಲಕ್ಕೆ ಇಷ್ಟು ಬೆಲೆ ಬಂದಾಗ ಏನಾಗುತ್ತದೆ? 2020ರಲ್ಲಿ ಪುಣೆ ಪಾಲಿಕೆ 6 ಮೀಟರಿನ ಮುನ್ನೂರಕ್ಕೂ ಹೆಚ್ಚು ಒಳರಸ್ತೆಗಳನ್ನು 9 ಮೀಟರಿಗೆ ಅಗಲಿಸುವ ಪ್ರಸ್ತಾವ ತಂದಿತು. ಹಳೆಯ ಸೊಸೈಟಿಗಳನ್ನು ಕೆಡವಿ ಮರುನಿರ್ಮಿಸಲು ಟಿಡಿಆರ್ ಬೇಕು, ಟಿಡಿಆರ್ ಬಳಸಲು 9 ಮೀಟರ್ ರಸ್ತೆ ಬೇಕು. ಶಿಥಿಲ ಕಟ್ಟಡದಲ್ಲಿರುವ ಕುಟುಂಬಗಳ ಕಷ್ಟ ನಿಜವಾದದ್ದೇ. ಆದರೆ ಅಕ್ಕಪಕ್ಕದ ಕಾಂಪೌಂಡುಗಳಿಂದ ಒಂದೂವರೆ ಮೀಟರ್ ತೆಗೆದುಕೊಂಡ ಮಾತ್ರಕ್ಕೆ ಆ ಓಣಿಯ ಒಳಚರಂಡಿಯಾಗಲಿ ನೀರಿನ ಕೊಳವೆಯಾಗಲಿ ದೊಡ್ಡದಾಗುವುದಿಲ್ಲ. ಮನೆಗಳು ಇಮ್ಮಡಿಯಾದಾಗ ಬೇಕಾಗುವುದು ಇವೆರಡೂ.

ಟಿಡಿಆರ್ ಎಂದರೇನು? ನಿಮ್ಮ ಜಾಗದಲ್ಲಿ ಪಾಲಿಕೆ ರಸ್ತೆಗೋ ಉದ್ಯಾನಕ್ಕೋ ಗುರುತು ಹಾಕಿದೆ. ಹಣದ ಬದಲು ಅದು ನಿಮಗೆ ಕಟ್ಟುವ ಹಕ್ಕಿನ ಪತ್ರ ಕೊಡುತ್ತದೆ. ಆ ಪತ್ರವನ್ನು ನೀವು ಬಿಲ್ಡರಿಗೆ ಮಾರುತ್ತೀರಿ, ಅವನು ಅದನ್ನು ಬೇರೆಲ್ಲೋ ತನ್ನ ಕಟ್ಟಡದ ಮೇಲೆ ಏರಿಸುತ್ತಾನೆ. 2016ರ ನಿಯಮದಂತೆ ಹಳೆಯ ದಟ್ಟ ಪೇಠ್‌ಗಳಲ್ಲಿ ಬಿಟ್ಟುಕೊಟ್ಟ ಜಾಗಕ್ಕೆ ಮೂರು ಪಟ್ಟು, ಉಳಿದ ಭಾಗಗಳಲ್ಲಿ ಎರಡು ಪಟ್ಟು ಹಕ್ಕು. ಅದೇ ನಿಯಮ ಇನ್ನೊಂದು ಬಿಗಿಯನ್ನೂ ಹಾಕಿತು. ಅಗ್ಗದ ಜಾಗದಲ್ಲಿ ಹುಟ್ಟಿದ ಟಿಡಿಆರ್ ದುಬಾರಿ ಬಡಾವಣೆಗೆ ಹೋದಾಗ ಎರಡೂ ಕಡೆಯ ರೆಡಿ ರೆಕನರ್ ದರದ ಅನುಪಾತದಲ್ಲಿ ಕುಗ್ಗುತ್ತದೆ. ನಮ್ಮ ಕರ್ನಾಟಕದ ಮಾರ್ಗಸೂಚಿ ದರವೇ ಅಲ್ಲಿನ ರೆಡಿ ರೆಕನರ್. ಇದು ನ್ಯಾಯವಾದ ನಿಯಮ. ಇದಿಲ್ಲದಿದ್ದರೆ ಊರಂಚಿನಲ್ಲಿ ಕಾಸಿಗೆ ಕೊಂಡ ಹಕ್ಕು ನಗರದ ನಡುಮಧ್ಯೆ ಕೋಟಿಯ ಅಂತಸ್ತಾಗುತ್ತಿತ್ತು.

ಆದರೂ ಎಲ್ಲರಿಗೂ ಟಿಡಿಆರ್ ಬೇಡ. ಕಾತ್ರಜ್–ಕೊಂಢವಾ ರಸ್ತೆಯನ್ನೇ ನೋಡಿ. 84 ಮೀಟರ್ ಅಗಲದ ರಸ್ತೆಯೆಂದು ನಕ್ಷೆಯಲ್ಲಿತ್ತು. ಜಮೀನಿನವರು ಪತ್ರ ಬೇಡ, ರೊಕ್ಕ ಕೊಡಿ ಎಂದರು. ಅಷ್ಟು ರೊಕ್ಕ ಪಾಲಿಕೆಯ ಬಳಿ ಇರಲಿಲ್ಲ. ಕೊನೆಗೆ ಅಗಲವನ್ನು 50 ಮೀಟರಿಗೆ ಇಳಿಸಬೇಕಾಯಿತು. ಅಷ್ಟರಲ್ಲಿ ವರ್ಷಗಳೇ ಕಳೆದವು, ರಸ್ತೆಯ ಎರಡೂ ಬದಿಗೆ ಜನವಸತಿ ಬೆಳೆಯುತ್ತಲೇ ಹೋಯಿತು, ಲಾರಿಗಳ ನಡುವೆ ಜನ ಜೀವ ಕೈಯಲ್ಲಿ ಹಿಡಿದು ಓಡಾಡಿದರು.

ಜಾಗಕ್ಕೆ ಗುರುತು ಹಾಕಿ ಪಾಲಿಕೆ ಸುಮ್ಮನೆ ಕೂರುವಂತೆಯೂ ಇಲ್ಲ. 1966ರ ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆಯ 127ನೇ ಕಲಮಿನ ಪ್ರಕಾರ 10 ವರ್ಷದೊಳಗೆ ಸ್ವಾಧೀನವಾಗದಿದ್ದರೆ ಮಾಲೀಕ ನೋಟಿಸು ಕೊಡಬಹುದು. ಮುಂದಿನ 24 ತಿಂಗಳಲ್ಲಿ ಪಾಲಿಕೆ ಕ್ರಮ ಕೈಗೊಳ್ಳದಿದ್ದರೆ ಮೀಸಲಾತಿ ಬಿದ್ದುಹೋಗುತ್ತದೆ. ಶಾಲೆಯೋ ಆಸ್ಪತ್ರೆಯೋ ಬರಬೇಕಿದ್ದ ಜಾಗದಲ್ಲಿ ಮತ್ತೊಂದು ಅಪಾರ್ಟ್‌ಮೆಂಟು ಏಳುವುದಕ್ಕೆ ಇದೂ ಒಂದು ದಾರಿ.

ಬಿಲ್ಡರ್ ಪಾಲಿಕೆಗೆ ಏನೇನು ಕಟ್ಟುತ್ತಾನೆ? ಮೂಲ 1.10ರ ಮೇಲೆ ಸಿಗುವ 0.50 ಪ್ರೀಮಿಯಂ ಎಫ್‌ಎಸ್‌ಐಗೆ ಜಮೀನಿನ ರೆಡಿ ರೆಕನರ್ ದರದ ಶೇ 35. ಅದರ ಜೊತೆಗೆ ಅಭಿವೃದ್ಧಿ ಶುಲ್ಕ. 1992ರಲ್ಲಿ ಅದೇ 1966ರ ಕಾಯ್ದೆಗೆ ಹೊಸ ಅಧ್ಯಾಯ ಸೇರಿಸಿ ತಂದ ಈ ಶುಲ್ಕ ವಸತಿಗಿಂತ ವಾಣಿಜ್ಯ ಕಟ್ಟಡಕ್ಕೆ ಎರಡು ಪಟ್ಟು. ಮೆಟ್ರೋದಂಥ ಮಹತ್ವದ ಸಾರಿಗೆ ಯೋಜನೆ ಇರುವ ನಗರದಲ್ಲಿ ಈ ಶುಲ್ಕವನ್ನೇ ಇಮ್ಮಡಿಗೊಳಿಸಲೂ ಕಾಯ್ದೆ ಅವಕಾಶ ಕೊಟ್ಟಿದೆ.

ಕಟ್ಟುವುದು ಬಿಲ್ಡರ್ ಒಬ್ಬನೇ ಅಲ್ಲ. 2022ರ ಏಪ್ರಿಲಿನಿಂದ ಪುಣೆಯಲ್ಲಿ ಮನೆ ಕೊಳ್ಳುವವರು ಮುದ್ರಾಂಕ ಶುಲ್ಕದ ಜೊತೆ ಶೇ 1 ಮೆಟ್ರೋ ಸೆಸ್ ಕೊಡುತ್ತಿದ್ದಾರೆ. ಎಲ್ಲ ಸೇರಿ ಶೇ 7. ಖರೀದಿ ಹೆಣ್ಣುಮಕ್ಕಳ ಹೆಸರಿನಲ್ಲಿದ್ದರೆ ಶೇ 6.

ಕೋವಿಡ್ ಕಾಲದ ಒಂದು ತೀರ್ಮಾನ ಇಲ್ಲಿ ನೆನಪಿಸಿಕೊಳ್ಳಬೇಕು. 2021ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಬಿಲ್ಡರುಗಳು ಕಟ್ಟಬೇಕಾದ ಪ್ರೀಮಿಯಂಗಳನ್ನು ಆ ವರ್ಷದ ಡಿಸೆಂಬರ್ 31ರವರೆಗೆ ಅರ್ಧಕ್ಕೆ ಇಳಿಸಿತು. ರಿಯಾಯಿತಿ ಪಡೆದವರು ಗ್ರಾಹಕರ ಮುದ್ರಾಂಕ ಶುಲ್ಕವನ್ನು ತಾವೇ ಭರಿಸಬೇಕು ಎಂಬ ಷರತ್ತಿತ್ತು. ಆ ವರ್ಷ ಕೊಂಡವರಿಗೆ ಲಾಭವಾಯಿತು, ನಿಂತ ಕೆಲಸ ಮತ್ತೆ ಶುರುವಾಯಿತು, ಇದನ್ನು ಅಲ್ಲಗಳೆಯಲಾರೆ. ಆದರೆ ಒಂದೇ ವರ್ಷದಲ್ಲಿ ಅರ್ಧ ಬೆಲೆಗೆ ಮಂಜೂರಾದ ಕಟ್ಟಡಗಳಿಗೆ ಬೇಕಾದ ರಸ್ತೆ, ಚರಂಡಿ, ನೀರಿನ ಖರ್ಚು ಅರ್ಧಕ್ಕೆ ಇಳಿದಿರಲಿಲ್ಲ.

ಮೆಟ್ರೋ ನಿಲ್ದಾಣಗಳ ಸುತ್ತ 500 ಮೀಟರ್ ವಲಯದಲ್ಲಿ, ನಿವೇಶನದ ಗಾತ್ರ ಮತ್ತು ರಸ್ತೆಯ ಅಗಲ ಕೂಡಿಬಂದರೆ, 4ರವರೆಗೆ ಎಫ್‌ಎಸ್‌ಐ ಸಿಗುತ್ತದೆ. ಬೆಂಗಳೂರಿನ 2015ರ ಮಹಾಯೋಜನೆಯೂ ಮೆಟ್ರೋ ಪಕ್ಕಕ್ಕೆ 4 ಕೊಟ್ಟಿತ್ತು, ಅಲ್ಲಿ ವಲಯ ಮಾತ್ರ 150 ಮೀಟರ್. ಪುಣೆಯ ಮೊದಲ ಮೆಟ್ರೋ ಓಡಿದ್ದು 2022ರ ಮಾರ್ಚ್ 6ರಂದು. ರೈಲಿನ ಬಳಿ ದಟ್ಟವಾಗಿ ಕಟ್ಟುವುದು ಸರಿಯಾದ ನೀತಿ. ನಿಲ್ದಾಣದಿಂದ ಮನೆಯವರೆಗೆ ಕಾಲುದಾರಿ ಇಲ್ಲದಿದ್ದರೆ ಆ ಮನೆಯವರು ಸ್ಕೂಟರನ್ನೇ ಹತ್ತುತ್ತಾರೆ.

ಈಗ ನೀರಿನ ಮಾತು. ಪುಣೆಗೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಖಡಕವಾಸ್ಲಾ, ಪಾನ್‌ಶೇತ್, ವರಸ್‌ಗಾಂವ್, ಟೇಮ್‌ಘರ್ ಎಂಬ ನಾಲ್ಕು ಅಣೆಕಟ್ಟೆಗಳ ಸಾಲಿನಿಂದ. ಹೊಲಗಳಿಗೂ ಅದೇ ನೀರು. ಇದರಲ್ಲಿ ನಗರ ಎಷ್ಟು ತೆಗೆದುಕೊಳ್ಳಬೇಕೆಂಬ ಬಗ್ಗೆ ಪಾಲಿಕೆಗೂ ನೀರಾವರಿ ಇಲಾಖೆಗೂ ಜಗಳ ನಿಂತೇ ಇಲ್ಲ.

2016ರಲ್ಲಿ ಬಾಂಬೆ ಹೈಕೋರ್ಟು ಬಾಣೇರ್–ಬಾಲೇವಾಡಿಯಲ್ಲಿ ಹೊಸ ಕಟ್ಟಡಗಳಿಗೆ ಅನುಮತಿ ಕೊಡದಂತೆ ಪಾಲಿಕೆಯನ್ನು ತಡೆದಿತ್ತು. ಇದ್ದ ಮನೆಗಳಿಗೇ ನೀರಿಲ್ಲ ಎಂಬುದು ಕಾರಣ. ತಡೆ ಮುಂದೆ ಸಡಿಲವಾಯಿತು. ಆದರೂ ಆ ಆದೇಶ ಎತ್ತಿದ ಪ್ರಶ್ನೆ ಇಂದಿಗೂ ಹಾಗೇ ಇದೆ. ಅನುಮತಿ ಕೊಡುವ ಮೇಜಿನ ಮೇಲೆ ನೀರಿನ ಲೆಕ್ಕ ಯಾಕಿರುವುದಿಲ್ಲ?

ಹೊರವಲಯದ ಅನೇಕ ಯೋಜನೆಗಳಲ್ಲಿ ಬಿಲ್ಡರ್ ಪ್ರಮಾಣಪತ್ರ ಬರೆದುಕೊಡುತ್ತಾನೆ: ಸ್ಥಳೀಯ ಸಂಸ್ಥೆಯ ನೀರು ಬರುವವರೆಗೆ ನೀರು ಒದಗಿಸುವ ಹೊಣೆ ನನ್ನದು. ಕಾಗದದ ಮೇಲೆ ಇದು ಚೆನ್ನಾಗಿಯೇ ಕಾಣುತ್ತದೆ. ಮನೆಗಳು ಮಾರಾಟವಾಗಿ, ಸೊಸೈಟಿ ರಚನೆಯಾಗಿ, ಬಿಲ್ಡರ್ ಮುಂದಿನ ಯೋಜನೆಗೆ ಹೋದ ಮೇಲೆ ಟ್ಯಾಂಕರಿನ ಬಿಲ್ಲು ಬರುವುದು ನಿವಾಸಿಗಳ ಹೆಸರಿಗೆ. ತಿಂಗಳ ನಿರ್ವಹಣಾ ವೆಚ್ಚದಲ್ಲಿ ದೊಡ್ಡ ಪಾಲು ನೀರಿಗೇ ಹೋಗುವ ಸೊಸೈಟಿಗಳು ಪುಣೆಯ ಸುತ್ತ ಎಷ್ಟೋ ಇವೆ. ಮನೆ ನೋಡಲು ಹೋದಾಗ ಈಜುಕೊಳ ತೋರಿಸುತ್ತಾರೆ. ನೀವು ಕೇಳಿ ನೋಡಬೇಕಾದ್ದು ಈ ಪ್ರಮಾಣಪತ್ರವನ್ನು.

2025ರ ಜನವರಿಯಲ್ಲಿ ಪುಣೆಯಲ್ಲಿ ಗಿಲ್ಲನ್–ಬಾರೆ ಎಂಬ ನರರೋಗ ಒಮ್ಮೆಲೇ ಹಬ್ಬಿತು, ನೆನಪಿದೆಯೇ? ಇನ್ನೂರಕ್ಕೂ ಹೆಚ್ಚು ಪ್ರಕರಣಗಳು. ಬಹುಪಾಲು ರೋಗಿಗಳು ಸಿಂಹಗಡ ರಸ್ತೆಯ ನಾಂದೇಡ್ ಗಾಂವ್, ಕಿರ್ಕಟವಾಡಿ, ಧಾಯರಿಯ ಸುತ್ತಮುತ್ತಲಿನವರು. ಕಲುಷಿತ ನೀರಿನ ಮೇಲೇ ಮುಖ್ಯ ಅನುಮಾನ ಬಿತ್ತು. ಇವು ಪಾಲಿಕೆಗೆ ಈಚೆಗೆ ಸೇರಿದ ಹಳ್ಳಿಗಳು. ಹಳ್ಳಿಯ ಬಾವಿಯ ನೀರನ್ನೇ ಎತ್ತಿ ನಗರದಷ್ಟು ದಟ್ಟವಾದ ಜನವಸತಿಗೆ ಹಂಚುವ ವ್ಯವಸ್ಥೆ ಅಲ್ಲಿತ್ತು. ಮೊದಲು ಮನೆ, ಆಮೇಲೆ ಕೊಳವೆ ಎಂಬ ಕ್ರಮಕ್ಕೆ ಜನ ತೆತ್ತ ಬೆಲೆ ಇದು. ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ಆ ಹಳ್ಳಿಗಳ ಲೆಕ್ಕ ಹೀಗಿದೆ. 2017ರಲ್ಲಿ 11, 2021ರ ಜೂನ್ 30ರಂದು ಇನ್ನೂ 23 ಹಳ್ಳಿಗಳು ಪುಣೆ ಪಾಲಿಕೆಗೆ ಸೇರಿದವು. ಆಗ ವಿಸ್ತೀರ್ಣ ಸುಮಾರು 516 ಚದರ ಕಿಲೋಮೀಟರ್, ಮುಂಬೈ ಪಾಲಿಕೆಗಿಂತಲೂ ದೊಡ್ಡದು. 2024ರಲ್ಲಿ ಉರುಳಿ ದೇವಾಚಿ ಮತ್ತು ಫುರ್ಸುಂಗಿ ಹೊರಬಿದ್ದು ತಮ್ಮದೇ ನಗರ ಪರಿಷತ್ತು ಪಡೆದವು.

ಸುತ್ತಲಿನ ಇಡೀ ಪ್ರದೇಶಕ್ಕೆಂದು 2015ರ ಮಾರ್ಚ್ 31ರಂದು ಪಿಎಂಆರ್‌ಡಿಎ ಎಂಬ ಪ್ರಾಧಿಕಾರ ಹುಟ್ಟಿತು. ಅದು 2021ರಲ್ಲಿ ಕರಡು ಅಭಿವೃದ್ಧಿ ಯೋಜನೆ ಪ್ರಕಟಿಸಿತು. 2025ರಲ್ಲಿ ಸರ್ಕಾರ ಆ ಕರಡನ್ನೇ ರದ್ದು ಮಾಡಿತು. ನಡುವಿನ ವರ್ಷಗಳಲ್ಲಿ ಕಟ್ಟಡಗಳು ಮಾತ್ರ ಯೋಜನೆಗೆ ಕಾಯಲಿಲ್ಲ.

ಇಂಗ್ಲೆಂಡಿನಲ್ಲಿ 1990ರ ನಗರ ಯೋಜನಾ ಕಾಯ್ದೆಯ 106ನೇ ಕಲಮಿನಡಿ ಬಿಲ್ಡರ್ ಮತ್ತು ಸ್ಥಳೀಯ ಸಂಸ್ಥೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಇಷ್ಟನೇ ಮನೆಗೆ ಜನ ಬರುವ ಮುನ್ನ ಶಾಲೆಯ ಹಣ ಕಟ್ಟಬೇಕು, ಇಷ್ಟನೇ ಮನೆಗೆ ಮುನ್ನ ರಸ್ತೆ ಮುಗಿಯಬೇಕು ಎಂದು ಅದರಲ್ಲೇ ಬರೆದಿರಬಹುದು. ಅಲ್ಲಿಯೂ ಜಗಳ, ಚೌಕಾಸಿ ಇದ್ದೇ ಇದೆ. ಆದರೆ ಯಾವ ಕಟ್ಟಡದ ಹಣ ಯಾವ ಶಾಲೆಗೆ ಎಂಬುದು ಊರಿನವರ ಕಣ್ಣಿಗೆ ಕಾಣುತ್ತದೆ. ಪುಣೆಯಲ್ಲಿ ನಾವು ಕೇಳಬೇಕಾದ್ದು ಇದೇ. ಕಟ್ಟಿದ ಹಣ ಕಟ್ಟಿದ ಬಡಾವಣೆಗೇ, ಜನ ಬರುವ ಮೊದಲೇ ಬರಲಿ.

ಪುಣೆ ಬೇರೊಂದು ದಾರಿಯನ್ನೂ ಹುಡುಕಿದೆ. ನಕ್ಷೆಯ ರಸ್ತೆಯನ್ನು ಬಿಲ್ಡರನೇ ಕಟ್ಟಿಕೊಡುತ್ತಾನೆ, ಪಾಲಿಕೆ ಅವನಿಗೆ ಕ್ರೆಡಿಟ್ ನೋಟ್ ಕೊಡುತ್ತದೆ, ಮುಂದೆ ಪಾಲಿಕೆಗೆ ಕಟ್ಟುವ ಶುಲ್ಕದಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದು. ರಸ್ತೆ ಬೇಗ ಆಗುತ್ತದೆ, ಒಪ್ಪೋಣ. ಯಾವ ರಸ್ತೆ ಮೊದಲು ಎಂಬುದನ್ನು ನಿರ್ಧರಿಸುವವರು ಯಾರು ಎಂಬುದರ ಮೇಲೆ ಊರು ಕಣ್ಣಿಟ್ಟಿರಬೇಕು.

4,000 ಚದರ ಮೀಟರ್, ಅಂದರೆ ಸುಮಾರು ಒಂದು ಎಕರೆಯ ಯೋಜನೆಯಲ್ಲಿ ಶೇ 10 ಜಾಗ ಆಟ–ವಿಹಾರಕ್ಕೆಂದು ತೆರೆದಿರಬೇಕು. ಅಷ್ಟೇ ದೊಡ್ಡ ವಸತಿ ಯೋಜನೆಗಳಲ್ಲಿ ಶೇ 20 ಪಾಲು ಬಡವರ, ಕಡಿಮೆ ಆದಾಯದವರ ಸಣ್ಣ ಮನೆಗಳಿಗೆ ಮೀಸಲು ಎಂಬುದು 2013ರಿಂದ ಇರುವ ನಿಯಮ. ಆ ಮನೆಗಳ ಫಲಾನುಭವಿಗಳನ್ನು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾ ಲಾಟರಿ ಎತ್ತಿ ಆರಿಸುತ್ತದೆ. ಪುಣೆಯಲ್ಲಿರುವ ಕನ್ನಡಿಗ ಕುಟುಂಬಗಳು ಈ ಲಾಟರಿಯ ಪ್ರಕಟಣೆಯನ್ನು ಗಮನಿಸುತ್ತಿರಲಿ.

ಶಾಲೆ, ದವಾಖಾನೆಗೆಂದು ಬಿಡುವ ಅಮೆನಿಟಿ ಜಾಗ ಮಾತ್ರ ಕುಗ್ಗಿದೆ. ಯುಡಿಸಿಪಿಆರ್ ಬಂದ ಮೇಲೆ 20,000 ಚದರ ಮೀಟರ್ ದಾಟಿದ ಜಮೀನಿಗೆ ಮಾತ್ರ ಶೇ 5. ಹಿಂದೆ ಪುಣೆಯಲ್ಲಿ ಇದಕ್ಕಿಂತ ಚಿಕ್ಕ ಜಮೀನಿನವರೂ ಇದಕ್ಕಿಂತ ಹೆಚ್ಚಿನ ಪಾಲು ಬಿಡಬೇಕಿತ್ತು. ಇದು ತಪ್ಪು ಹೆಜ್ಜೆ.

ಹಡಪ್ಸರದ ಮಗರಪಟ್ಟಾದಲ್ಲಿ ಸುಮಾರು 120 ರೈತ ಕುಟುಂಬಗಳು 400ಕ್ಕೂ ಹೆಚ್ಚು ಎಕರೆ ಹೊಲವನ್ನು ಬಿಲ್ಡರಿಗೆ ಮಾರದೆ ತಾವೇ ಒಂದು ಕಂಪನಿ ಮಾಡಿಕೊಂಡರು. ಯಾರ ಹೊಲ ಎಷ್ಟೋ ಅವರಿಗೆ ಅಷ್ಟು ಷೇರು. 2000ದ ಸುಮಾರಿಗೆ ಕಟ್ಟಡ ಶುರು. ರಸ್ತೆ, ಚರಂಡಿ, ತೋಟ, ಶಾಲೆ ಎಲ್ಲ ಒಂದೇ ನಕ್ಷೆಯಲ್ಲಿ ಬಂದವು. ಹೊಲ ಕೊಟ್ಟ ರೈತ ಅದೇ ಹೊಲದ ಬಾಡಿಗೆ ತಿನ್ನುವಂತಾಗಿದ್ದು ದೇಶದಲ್ಲೇ ಅಪರೂಪ.

ಎಲ್ಲರ ಜಮೀನು ಕೂಡಿಸಿ, ರಸ್ತೆ–ಉದ್ಯಾನಕ್ಕೆ ಕಳೆದು, ಉಳಿದದ್ದನ್ನು ತಿದ್ದಿದ ನಿವೇಶನಗಳಾಗಿ ಮರಳಿ ಹಂಚುವ ನಗರ ಯೋಜನಾ ಸ್ಕೀಮು ಪುಣೆಗೆ ಹೊಸದಲ್ಲ. 1915ರ ಬಾಂಬೆ ಕಾಯ್ದೆಯಿಂದ ಬಂದದ್ದು. ಇಂದಿನ ಶಿವಾಜಿನಗರ, ಅಂದಿನ ಭಾಂಬುರ್ಡೆ ಹೀಗೇ ರೂಪುಗೊಂಡಿತು. ಪಿಎಂಆರ್‌ಡಿಎ ಹಿಂಜವಡಿಯ ಬಳಿ ಮಹಾಳುಂಗೆ–ಮಾಣದಲ್ಲಿ ಅದೇ ಹಳೆಯ ಉಪಾಯವನ್ನು ಮತ್ತೆ ಕೈಗೆತ್ತಿಕೊಂಡಿದೆ. ರಸ್ತೆ ಮೊದಲು ಬರುವ ಮಾರ್ಗ ನಮ್ಮ ಕೈಯಲ್ಲಿ ನೂರು ವರ್ಷಗಳಿಂದ ಇದೆ.

ಗುಡ್ಡಗಳಿಗೂ ಒಂದು ಗೆರೆ ಇದೆ: 1:5ಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಕಟ್ಟುವಂತಿಲ್ಲ. 1997ರಲ್ಲಿ ಪಾಲಿಕೆಗೆ ಸೇರಿದ ಹಳ್ಳಿಗಳ ಗುಡ್ಡಗಳಲ್ಲಿ ಸುಮಾರು 976 ಹೆಕ್ಟೇರನ್ನು ಜೀವವೈವಿಧ್ಯ ಉದ್ಯಾನವೆಂದು ಮೀಸಲಿಟ್ಟಿದ್ದಾರೆ. ಮಾಲೀಕರಿಗೆ ಪರಿಹಾರವಾಗಿ ಗೊತ್ತುಮಾಡಿದ್ದು ಶೇ 8 ಟಿಡಿಆರ್. ತಗಾದೆ ಇನ್ನೂ ಮುಗಿದಿಲ್ಲ.

ನದಿಗೂ ಎರಡು ಗೆರೆಗಳಿವೆ. ನೀಲಿ ಗೆರೆ 25 ವರ್ಷಕ್ಕೊಮ್ಮೆ ಬರುವ ನೆರೆಯದು, ಕೆಂಪು ಗೆರೆ 100 ವರ್ಷಕ್ಕೊಮ್ಮೆ ಬರುವ ನೆರೆಯದು. 1961ರ ಜುಲೈ 12ರಂದು ಪಾನ್‌ಶೇತ್ ಮತ್ತು ಖಡಕವಾಸ್ಲಾ ಅಣೆಕಟ್ಟೆಗಳು ಒಡೆದು ಮುಠಾ ನದಿಯ ದಡದ ಪೇಠ್‌ಗಳು ಕೊಚ್ಚಿಹೋದ ಊರಿದು. 2024ರ ಜುಲೈನಲ್ಲಿ ಸಿಂಹಗಡ ರಸ್ತೆಯ ಏಕತಾನಗರಿಯ ಮನೆಗಳಿಗೆ ಮತ್ತೆ ನೀರು ನುಗ್ಗಿತು. ಮನೆ ಕೊಳ್ಳುವ ಮುನ್ನ ಈ ಎರಡು ಗೆರೆಗಳನ್ನು ನಕ್ಷೆಯಲ್ಲಿ ನೋಡಿಕೊಳ್ಳಿ.

ಇನ್ನು, ಬಿಲ್ಡರ್ ಕಟ್ಟುವ ಹಣದಲ್ಲಿ ನಮ್ಮ ಜನರ ಪಾಲೂ ಇದೆ ಎಂಬುದು ಗೊತ್ತೇ? 1996ರ ಕಾಯ್ದೆಯಿಂದ ಬಂದದ್ದು ಕಟ್ಟಡ ವೆಚ್ಚದ ಶೇ 1 ಕಾರ್ಮಿಕ ಕಲ್ಯಾಣ ಸೆಸ್. ಜಮೀನಿನ ಬೆಲೆ ಇದರಲ್ಲಿ ಸೇರದು. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಪುಣೆಗೆ ಗುಳೆ ಹೋದವರು ಈ ಗೋಪುರಗಳಿಗೆ ಕಬ್ಬಿಣ ಕಟ್ಟಿದ್ದಾರೆ, ಇಟ್ಟಿಗೆ ಹೊತ್ತಿದ್ದಾರೆ. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವಯಸ್ಸಿನ ಯಾರೇ ಆಗಲಿ ಕೆಲಸ ಮಾಡುವ ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬಹುದು. ಕರ್ನಾಟಕದವರು ಎಂಬುದು ಅಡ್ಡಿಯಲ್ಲ. ಮಕ್ಕಳ ಶಾಲೆಗೆ, ಹೆರಿಗೆಗೆ, ಕಾಯಿಲೆಗೆ, ಸಾವು ಸಂಭವಿಸಿದರೆ ಕುಟುಂಬಕ್ಕೆ ನೆರವಿದೆ. ಅಡ್ಡಿಯಾಗುವುದು 90 ದಿನದ ಪ್ರಮಾಣಪತ್ರ. ವಾರಕ್ಕೊಂದು ಕಡೆ ಕೆಲಸ ಮಾಡುವವನಿಗೆ ಅದನ್ನು ಯಾವ ಗುತ್ತಿಗೆದಾರ ಬರೆದುಕೊಡಬೇಕು? ದೇಶದಾದ್ಯಂತ ಈ ಸೆಸ್ಸಿನ ಸಾವಿರಾರು ಕೋಟಿ ಖರ್ಚಾಗದೆ ಬಿದ್ದಿರುವುದನ್ನು ಸುಪ್ರೀಂ ಕೋರ್ಟು 2018ರ ಮಾರ್ಚಿನಲ್ಲಿ ಕಟುವಾಗಿ ಖಂಡಿಸಿತು. ನಿಮ್ಮ ಸೊಸೈಟಿಯಲ್ಲಿ ಕೆಲಸ ನಡೆಯುತ್ತಿದ್ದರೆ, ಅಲ್ಲಿ ಕನ್ನಡ ಕಿವಿಗೆ ಬಿದ್ದರೆ, ನೋಂದಣಿ ಆಗಿದೆಯೇ ಎಂದು ಒಂದು ಮಾತು ಕೇಳಿ.

ಕಡೆಯದಾಗಿ ಒಂದು ಅಂಕಿ. 2013ರಲ್ಲಿ ಪುಣೆಯ ಹಳೆಯ ಭಾಗದ ಕರಡು ಅಭಿವೃದ್ಧಿ ಯೋಜನೆ ಪ್ರಕಟವಾದಾಗ ಬಂದ ಆಕ್ಷೇಪಣೆ–ಸಲಹೆಗಳು ಸುಮಾರು 87,000. ಊರಿಗೆ ಊರೇ ಕಾಗದ ಬರೆದಿತ್ತು. 2015ರಲ್ಲಿ ಸರ್ಕಾರ ಆ ಯೋಜನೆಯನ್ನು ಪಾಲಿಕೆಯ ಕೈಯಿಂದ ತೆಗೆದುಕೊಂಡು ಮೂವರ ಸಮಿತಿಗೆ ಒಪ್ಪಿಸಿತು, 2017ರ ಜನವರಿಯಲ್ಲಿ ಮಂಜೂರು ಮಾಡಿತು. 2027ರವರೆಗಿನ ಯೋಜನೆ ಅದು. ಮುಂದಿನ ಕರಡು ಬರಲೇಬೇಕು. ಬಂದಾಗ ಆಕ್ಷೇಪಣೆಗೆ ಕಾಯ್ದೆ ಕೊಡುವ ಅವಧಿ 30 ದಿನ. ನಿಮ್ಮ ಬೀದಿಯ ನಕ್ಷೆ ತೆರೆದು ರಸ್ತೆ ಎಷ್ಟು ಮೀಟರ್, ಶಾಲೆಯ ಜಾಗ ಎಲ್ಲಿ, ನೀರು ಎಲ್ಲಿಂದ ಎಂದು ನೋಡಿ, ಆ 30 ದಿನದೊಳಗೆ ನಿಮ್ಮ ಹೆಸರು ಹಾಕಿ ಅರ್ಜಿ ಕೊಡಿ.